ಸಾಂತಿಯಾಗೊ ಯಾತ್ರೆ: ಸಮಾಧಿ, ಹಾದಿ, ಸಿದ್ಧತೆ

ಸ್ಪೇನ್ ದೇಶದ ವಾಯವ್ಯ ಮೂಲೆಯಲ್ಲಿ ಗಲೀಸಿಯಾ ಎಂಬ ಮಳೆನಾಡಿದೆ. ಅಲ್ಲಿನ ಸಾಂತಿಯಾಗೊ ದೆ ಕೊಂಪೊಸ್ತೆಲಾ ನಗರದ ಪ್ರಧಾನಾಲಯಕ್ಕೆ ಯೂರೋಪಿನ ನಾನಾ ಕಡೆಗಳಿಂದ ನಡೆದು ಬರುವ ಯಾತ್ರೆಯೇ ಸಾಂತಿಯಾಗೊ ಯಾತ್ರೆ. ಸ್ಪೇನಿನವರು ಇದನ್ನು ‘ಕಾಮಿನೊ’ ಎಂದಷ್ಟೇ ಕರೆಯುತ್ತಾರೆ. ಯೇಸುಸ್ವಾಮಿಯ ಹನ್ನೆರಡು ಪ್ರೇಷಿತರಲ್ಲಿ ಒಬ್ಬರಾದ, ಜೆಬೆದಾಯನ ಮಗ ಸಂತ ಯಕೋಬರ ಸಮಾಧಿ ಈ ಪ್ರಧಾನಾಲಯದ ಬಲಿಪೀಠದ ಕೆಳಗಿದೆ ಎಂಬುದು ಭಕ್ತರ ನಂಬಿಕೆ. ಮಧ್ಯಯುಗದ ಕ್ರೈಸ್ತರಿಗೆ ಜೆರುಸಲೇಮ್, ರೋಮ್ ಮತ್ತು ಸಾಂತಿಯಾಗೊ ಮೂರು ಮಹಾಯಾತ್ರೆಗಳಾಗಿದ್ದವು. ಮೊದಲಿನ ಎರಡಕ್ಕೆ ಇಂದು ಬಹುತೇಕರು ವಿಮಾನ ಹತ್ತಿ, ಬಸ್ಸಿನಲ್ಲಿ ಸುತ್ತಿ ಬರುತ್ತಾರೆ. ಸಾಂತಿಯಾಗೊ ಮಾತ್ರ ಈಗಲೂ ಕಾಲ್ನಡಿಗೆಯ ಯಾತ್ರೆ. 2024ರಲ್ಲಿ ಸುಮಾರು 4.99 ಲಕ್ಷ ಯಾತ್ರಿಕರು ಅಲ್ಲಿನ ಯಾತ್ರಿಕರ ಕಚೇರಿಯಿಂದ ಪ್ರಮಾಣಪತ್ರ ಪಡೆದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಹಿಳೆಯರು.

ಸಮಾಧಿಯಷ್ಟೇ ಹಾದಿಯೂ ಇಲ್ಲಿ ಪವಿತ್ರ. ಹಾಗಾಗಿ ಈ ಯಾತ್ರೆಗೆ ಹೊರಡುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಎಷ್ಟು ದಿನ ನಡೆಯಲು ಬಿಡುವಿದೆ ಎಂಬುದು. ವೀಸಾ, ಹಣ, ಚಪ್ಪಲಿ, ಹಾಸಿಗೆ ಎಲ್ಲವೂ ಆ ಉತ್ತರದಿಂದಲೇ ತೀರ್ಮಾನವಾಗುತ್ತವೆ.

ಬೈಬಲಿನ ಪ್ರಕಾರ ಯಕೋಬರನ್ನು ಹೆರೋದ ಅರಸನು ಕತ್ತಿಯಿಂದ ಕೊಲ್ಲಿಸಿದನು. ಇದು ಕ್ರಿ.ಶ. 44ರ ಸುಮಾರಿಗೆ ಜೆರುಸಲೇಮಿನಲ್ಲಿ ನಡೆದದ್ದು. ಅವರು ಸ್ಪೇನಿನಲ್ಲಿ ಶುಭಸಂದೇಶ ಸಾರಿದರೆಂದಾಗಲಿ, ಅವರ ದೇಹ ಅಲ್ಲಿಗೆ ಬಂತೆಂದಾಗಲಿ ಬೈಬಲಿನಲ್ಲಿ ಎಲ್ಲೂ ಇಲ್ಲ. ಶಿಷ್ಯರು ದೇಹವನ್ನು ದೋಣಿಯಲ್ಲಿ ಗಲೀಸಿಯಾದ ತೀರಕ್ಕೆ ತಂದು ಹೂಳಿದರೆಂಬುದು ನಂತರದ ಶತಮಾನಗಳ ಐತಿಹ್ಯ. 9ನೇ ಶತಮಾನದ ಆರಂಭದಲ್ಲಿ ಪೆಲಾಯೊ ಎಂಬ ಸನ್ಯಾಸಿ ಕಾಡಿನ ಮೇಲೆ ವಿಚಿತ್ರ ಬೆಳಕು ಕಂಡನಂತೆ. ಇರಿಯಾ ಫ್ಲಾವಿಯಾದ ಧರ್ಮಾಧ್ಯಕ್ಷ ತೆಯೊದೊಮಿರೊ ಆ ಜಾಗದಲ್ಲಿ ಸಮಾಧಿಯನ್ನು ಗುರುತಿಸಿದರು. ಆಸ್ತೂರಿಯಾಸಿನ ಅರಸ 2ನೇ ಅಲ್ಫೊನ್ಸೊ ಅಲ್ಲೊಂದು ದೇವಾಲಯ ಕಟ್ಟಿಸಿದ. ತೆಯೊದೊಮಿರೊ ಎಂಬ ಧರ್ಮಾಧ್ಯಕ್ಷರು ನಿಜಕ್ಕೂ ಇದ್ದರೇ ಎಂದು ಸಂಶಯಪಟ್ಟ ವಿದ್ವಾಂಸರೂ ಇದ್ದರು. 1955ರಲ್ಲಿ ಪ್ರಧಾನಾಲಯದ ನೆಲದಡಿಯ ಉತ್ಖನನದಲ್ಲಿ ಅವರ ಗೋರಿಕಲ್ಲೇ ಸಿಕ್ಕಿತು. ಅದರ ಮೇಲೆ 847ರ ಮರಣದ ದಿನಾಂಕವಿದೆ. ಇದರಿಂದ ಕಥೆಯ ಒಬ್ಬ ಪಾತ್ರಧಾರಿ ಚಾರಿತ್ರಿಕ ವ್ಯಕ್ತಿ ಎಂಬುದು ಖಚಿತವಾಯಿತು. ಸಮಾಧಿಯಲ್ಲಿರುವುದು ಯಾರ ಅಸ್ಥಿ ಎಂಬ ಪ್ರಶ್ನೆ ಮಾತ್ರ ಇಂದಿಗೂ ನಂಬಿಕೆಯ ವ್ಯಾಪ್ತಿಯಲ್ಲೇ ಇದೆ.

ಈ ಇತಿಹಾಸದಲ್ಲಿ ಕಹಿಯೂ ಇದೆ. 997ರಲ್ಲಿ ಕೊರ್ದೊಬಾದ ಸೇನಾನಿ ಅಲ್ಮನ್ಸೂರ್ ನಗರವನ್ನು ಸುಟ್ಟು, ಸಮಾಧಿಯನ್ನು ಮಾತ್ರ ಮುಟ್ಟದೆ, ದೇವಾಲಯದ ಗಂಟೆಗಳನ್ನು ಹೊತ್ತೊಯ್ದ. 13ನೇ ಶತಮಾನದಲ್ಲಿ ಕೊರ್ದೊಬಾ ಕ್ರೈಸ್ತರ ಕೈಗೆ ಬಂದಾಗ ಆ ಗಂಟೆಗಳು ಹಿಂದಿರುಗಿದವು. ಕ್ರೈಸ್ತ-ಮುಸ್ಲಿಂ ಯುದ್ಧಗಳ ಕಾಲದಲ್ಲಿ ಮೀನುಗಾರರಾಗಿದ್ದ ಯಕೋಬರನ್ನು ಕುದುರೆಯ ಮೇಲೆ ಕೂರಿಸಿ, ಮುಸ್ಲಿಮರನ್ನು ಸಂಹರಿಸುವ ವೀರನಂತೆ ಚಿತ್ರಿಸಿದರು. ಅಂಥ ಒಂದು ಮೂರ್ತಿ ಪ್ರಧಾನಾಲಯದ ಒಳಗಿದೆ. ಕುದುರೆಯ ಕಾಲಡಿ ಬಿದ್ದ ಆಕೃತಿಗಳು ಕಾಣದಂತೆ ಅದರ ಬುಡವನ್ನು ಹೂಗಳಿಂದ ಮುಚ್ಚುವ ವಾಡಿಕೆಯಿದೆ. ಈ ಭಾಗವನ್ನು ತಿಳಿದೇ ಯಾತ್ರೆ ಮಾಡುವುದು ಒಳ್ಳೆಯದು.

ಯಾತ್ರೆಗೆ ಮೊದಲೇ ಸಿದ್ಧತೆ ಮಾಡಿಕೊಳ್ಳುವ ಪದ್ಧತಿ ಈ ಹಾದಿಯಷ್ಟೇ ಹಳೆಯದು. 12ನೇ ಶತಮಾನದ ‘ಕೋದೆಕ್ಸ್ ಕಲಿಕ್ಸ್ತಿನುಸ್’ ಎಂಬ ಲ್ಯಾಟಿನ್ ಹಸ್ತಪ್ರತಿಯ ಐದನೇ ಭಾಗ ಯಾತ್ರಿಕರ ಕೈಪಿಡಿ. ಫ್ರಾನ್ಸಿನಿಂದ ಹೊರಡುವ ನಾಲ್ಕು ಹಾದಿಗಳು, ಒಂದೊಂದು ಹಂತದ ದೂರ, ಆಸ್ಪತ್ರೆಗಳು, ದಾರಿಯಲ್ಲಿ ನಮಿಸಬೇಕಾದ ಸಂತರ ಸಮಾಧಿಗಳು, ಯಾವ ನದಿಯ ನೀರು ಕುಡಿಯಬಹುದು ಎಂಬ ವಿವರಗಳೆಲ್ಲ ಅದರಲ್ಲಿವೆ. ನವಾರಾದ ಒಂದು ಉಪ್ಪುಹೊಳೆಯ ದಂಡೆಯಲ್ಲಿ ಸ್ಥಳೀಯರಿಬ್ಬರು ಚೂರಿ ಮಸೆಯುತ್ತಾ ಕುಳಿತಿದ್ದರಂತೆ. ನೀರು ಒಳ್ಳೆಯದೆಂದು ಅವರು ಹೇಳಿದ್ದನ್ನು ನಂಬಿ ಕುಡಿಸಿದ ಕುದುರೆಗಳು ಸತ್ತವು, ಅವುಗಳ ಚರ್ಮವನ್ನು ಅವರೇ ಸುಲಿದುಕೊಂಡರು ಎಂದು ಬರೆದವನು ಸಿಟ್ಟಿನಿಂದ ದಾಖಲಿಸಿದ್ದಾನೆ. ಹೆಚ್ಚು ಕಾಸು ಕೀಳುವ ಅಂಬಿಗರ ಬಗ್ಗೆಯೂ ಎಚ್ಚರಿಕೆ ಇದೆ. 2011ರಲ್ಲಿ ಈ ಹಸ್ತಪ್ರತಿ ಪ್ರಧಾನಾಲಯದಿಂದಲೇ ಕಳವಾಗಿ, ಮರುವರ್ಷ ಪತ್ತೆಯಾಯಿತು.

ಮಠಗಳು, ಅರಸರು, ಊರವರು ಸೇರಿ ಈ ಹಾದಿಯಲ್ಲಿ ಸೇತುವೆ, ಛತ್ರ, ಆಸ್ಪತ್ರೆಗಳನ್ನು ಕಟ್ಟಿದರು. ಸಂತ ದೊಮಿಂಗೊ ಎಂಬವರು ಜೀವನವನ್ನೆಲ್ಲ ರಸ್ತೆ, ಸೇತುವೆ ಕಟ್ಟುವುದರಲ್ಲೇ ಕಳೆದರು. ಅವರ ಹೆಸರಿನ ಸಾಂತೊ ದೊಮಿಂಗೊ ದೆ ಲಾ ಕಲ್ಸಾದಾ ಊರಿನ ಪ್ರಧಾನಾಲಯದಲ್ಲಿ ಒಂದು ಪವಾಡದ ನೆನಪಿಗೆ ಇಂದಿಗೂ ಜೀವಂತ ಹುಂಜ, ಹೇಂಟೆಗಳನ್ನು ಸಾಕುತ್ತಾರೆ. ಯುಗಾದಿಯ ಮುಂಚೆ ಬಾಗಲಕೋಟೆ, ಬೆಳಗಾವಿ, ವಿಜಯಪುರ ಕಡೆಯಿಂದ ಶ್ರೀಶೈಲಕ್ಕೆ ನಡೆಯುವ ಭಕ್ತರಿಗೆ ದಾರಿಯ ಊರುಗಳವರು ನಡೆಸುವ ದಾಸೋಹವನ್ನು ಕಂಡವರಿಗೆ ಈ ಛತ್ರಗಳ ಮನೋಧರ್ಮ ಬಿಡಿಸಿ ಹೇಳಬೇಕಿಲ್ಲ.

16ನೇ ಶತಮಾನದಿಂದ ಯಾತ್ರೆ ಇಳಿಮುಖವಾಯಿತು. ಪ್ರೊಟೆಸ್ಟೆಂಟ್ ಸುಧಾರಣೆ, ಯುದ್ಧ, ಪಿಡುಗುಗಳು ಅದಕ್ಕೆ ಕಾರಣ. 1589ರಲ್ಲಿ ಇಂಗ್ಲಿಷ್ ನೌಕಾಪಡೆಯ ದಾಳಿಗೆ ಹೆದರಿ ಮಹಾಧರ್ಮಾಧ್ಯಕ್ಷರು ಅಸ್ಥಿಗಳನ್ನು ಬಚ್ಚಿಟ್ಟರು. ಆಮೇಲೆ ಅವು ಎಲ್ಲಿವೆ ಎಂಬುದೇ ಮರೆತುಹೋಯಿತು. 1879ರಲ್ಲಿ ಅಗೆದಾಗ ಸಿಕ್ಕವು, 1884ರಲ್ಲಿ ಪೋಪ್ 13ನೇ ಲಿಯೊ ಅವುಗಳಿಗೆ ಮಾನ್ಯತೆ ಕೊಟ್ಟರು. ಇಷ್ಟಾದರೂ 1980ರ ದಶಕದ ಮೊದಲಲ್ಲಿ ಇಡೀ ಹಾದಿ ನಡೆಯುವವರು ವಿರಳರಾಗಿದ್ದರು. ಓ ಸೆಬ್ರೈರೊ ಎಂಬ ಬೆಟ್ಟದೂರಿನ ಧರ್ಮಕೇಂದ್ರದ ಗುರು ಎಲಿಯಾಸ್ ವಾಲಿನ್ಯಾ 1984ರಲ್ಲಿ ಹಳದಿ ಬಣ್ಣದ ಡಬ್ಬಿ ಹಿಡಿದು, ಕಳೆದುಹೋಗುತ್ತಿದ್ದ ಹಾದಿಗೆ ಬಾಣದ ಗುರುತು ಬರೆಯುತ್ತ ಹೊರಟರು. ಇಂದು ಮರ, ಕಲ್ಲು, ಗೋಡೆ, ವಿದ್ಯುತ್ ಕಂಬಗಳ ಮೇಲೆ ಕಾಣುವ ಆ ಹಳದಿ ಬಾಣವೇ ಯಾತ್ರಿಕರ ದಾರಿದೀಪ. 1987ರಲ್ಲಿ ಯೂರೋಪ್ ಮಂಡಳಿ ಇದನ್ನು ಮೊದಲ ಯೂರೋಪಿಯನ್ ಸಾಂಸ್ಕೃತಿಕ ಮಾರ್ಗವೆಂದು ಘೋಷಿಸಿತು. 1989ರಲ್ಲಿ ಪೋಪ್ 2ನೇ ಜಾನ್ ಪಾಲ್ ವಿಶ್ವ ಯುವಜನ ದಿನಕ್ಕೆ ಇಲ್ಲಿಗೆ ಬಂದರು. 1993ರಲ್ಲಿ ಸ್ಪೇನಿನೊಳಗಿನ ಹಾದಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಹಾದಿ ಒಂದಲ್ಲ, ಹಲವು. ಎಲ್ಲಕ್ಕಿಂತ ಹೆಚ್ಚು ಜನ ನಡೆಯುವುದು ಫ್ರೆಂಚ್ ಹಾದಿ. ಪಿರೆನೀಸ್ ಪರ್ವತದ ಬುಡದಲ್ಲಿರುವ ಫ್ರಾನ್ಸಿನ ಸೆಂ-ಜಾನ್-ಪಿಯೆ-ದ-ಪೋರ್ ಊರಿನಿಂದ ಸಾಂತಿಯಾಗೊವರೆಗೆ ಸುಮಾರು 780 ಕಿಲೋಮೀಟರ್. ದಿನಕ್ಕೆ 22ರಿಂದ 25 ಕಿಲೋಮೀಟರ್ ನಡೆದರೆ 32ರಿಂದ 35 ದಿನ ಬೇಕು. ಪೋರ್ಚುಗಲ್‌ನ ಪೋರ್ಟೊದಿಂದ ಹೊರಡುವ ಹಾದಿ ಸುಮಾರು 240 ಕಿಲೋಮೀಟರ್, ಎರಡು ವಾರದೊಳಗೆ ಮುಗಿಯುತ್ತದೆ. ಒವಿಯೆದೊದಿಂದ ಬರುವ ‘ಆದಿಮ ಹಾದಿ’ ಸುಮಾರು 320 ಕಿಲೋಮೀಟರ್; ಬೆಟ್ಟಗಳೇ ಹೆಚ್ಚು, ಜನ ಕಡಿಮೆ. ಫೆರೋಲ್ ಬಂದರಿನಿಂದ ಹೊರಡುವ ಇಂಗ್ಲಿಷ್ ಹಾದಿಗೆ ಒಂದು ವಾರ ಸಾಕು.

ಪ್ರಮಾಣಪತ್ರ ಪಡೆಯಲು ಕನಿಷ್ಠ 100 ಕಿಲೋಮೀಟರ್ ನಡೆದಿರಬೇಕು, ಸೈಕಲ್ಲಿನಲ್ಲಿ ಬಂದವರು 200 ಕಿಲೋಮೀಟರ್ ಕ್ರಮಿಸಿರಬೇಕು. ಈ ನಿಯಮದಿಂದಾಗಿ ಸಾಂತಿಯಾಗೊಗೆ ಸುಮಾರು 115 ಕಿಲೋಮೀಟರ್ ದೂರದ ಸಾರಿಯಾ ಊರು ಅತ್ಯಂತ ಜನಪ್ರಿಯ ಆರಂಭಸ್ಥಾನವಾಗಿದೆ. ಅಲ್ಲಿಂದ ಐದಾರು ದಿನದ ನಡಿಗೆ. ಭಾರತದಿಂದ ಹತ್ತು-ಹನ್ನೆರಡು ದಿನದ ರಜೆಯಲ್ಲಿ ಹೋಗುವವರಿಗೆ ಇದು ಸಹಜ ಆಯ್ಕೆ. ಆದರೆ ಶಾಲಾ ಮಕ್ಕಳ ಗುಂಪು, ಪ್ರವಾಸಿ ತಂಡ ಎಲ್ಲ ಸೇರಿ ಬೇಸಿಗೆಯಲ್ಲಿ ಸಾರಿಯಾದಿಂದಾಚೆಗಿನ ದಾರಿ ಕಿಕ್ಕಿರಿದಿರುತ್ತದೆ. ಮೂರು ದಿನ ಹೆಚ್ಚು ಸಿಗುವುದಾದರೆ ಓ ಸೆಬ್ರೈರೊದಿಂದ, ಇನ್ನೊಂದಿಷ್ಟು ಸಿಗುವುದಾದರೆ 200 ಕಿಲೋಮೀಟರಿಗೂ ಸ್ವಲ್ಪ ಹೆಚ್ಚಿರುವ ಪೊನ್ಫೆರಾದಾದಿಂದ ಹೊರಡುವುದು ಎಷ್ಟೋ ಮೇಲು. ಏಕೆಂದರೆ ಮೊದಲ ಮೂರು ನಾಲ್ಕು ದಿನ ದೇಹ ನೋವಿಗೆ ಒಗ್ಗಿಕೊಳ್ಳುವುದರಲ್ಲೇ ಕಳೆಯುತ್ತದೆ. ಐದೇ ದಿನದಲ್ಲಿ ಮುಗಿಯುವ ಯಾತ್ರೆಯಲ್ಲಿ ಮನಸ್ಸು ಪ್ರಾರ್ಥನೆಯತ್ತ ತಿರುಗುವಷ್ಟರಲ್ಲಿ ಊರು ಬಂದುಬಿಟ್ಟಿರುತ್ತದೆ. ಅದೇ ರೀತಿ, 25 ದಿನದಲ್ಲಿ ಪೂರ್ತಿ ಫ್ರೆಂಚ್ ಹಾದಿಯನ್ನು ಮುಗಿಸುವ ಹಟವೂ ಬೇಡ. ಲೆಯೊನ್ ನಗರದಿಂದ ಹದಿನೈದು ದಿನ ನಿಧಾನವಾಗಿ ನಡೆದವರು ಹೆಚ್ಚು ಪಡೆಯುತ್ತಾರೆ. ಪ್ರತಿ ವಾರಕ್ಕೊಂದು ದಿನವನ್ನು ಯಾವ ಲೆಕ್ಕಕ್ಕೂ ಸೇರಿಸದೆ ಖಾಲಿ ಬಿಟ್ಟುಕೊಳ್ಳಬೇಕು. ಕಾಲು ಊದಿಕೊಂಡರೆ, ಜ್ವರ ಬಂದರೆ, ಒಂದು ಮಠದಲ್ಲಿ ಇನ್ನೊಂದು ರಾತ್ರಿ ಉಳಿಯಬೇಕೆನಿಸಿದರೆ ಆ ದಿನ ಉಪಯೋಗಕ್ಕೆ ಬರುತ್ತದೆ.

ಪೂರ್ತಿ ಹಾದಿಯನ್ನು ಆರಿಸಿಕೊಂಡವರಿಗೆ ಮೊದಲ ದಿನವೇ ಕಠಿಣ. ಸುಮಾರು 170 ಮೀಟರ್ ಎತ್ತರದ ಊರಿನಿಂದ 1,400 ಮೀಟರಿಗೂ ಮೇಲಿನ ಕಣಿವೆದಾರಿ ಹತ್ತಿ ರೊನ್ಸೆಸ್ವಾಯೆಸ್ ಮಠಕ್ಕೆ ಇಳಿಯಬೇಕು. ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಹಿಮದ ಅಪಾಯದಿಂದ ಈ ಮೇಲುದಾರಿಯನ್ನು ಮುಚ್ಚಿರುತ್ತಾರೆ, ವಾಲ್ಕಾರ್ಲೊಸ್ ಕಡೆಯ ಕೆಳದಾರಿಯೇ ಗತಿ. ಮುಂದೆ ಪಾಂಪ್ಲೋನಾ, ಲೊಗ್ರೊನ್ಯೊ, ಬುರ್ಗೊಸ್ ನಗರಗಳು. ಎಸ್ತೆಲ್ಲಾ ದಾಟಿದ ಮೇಲೆ ಇರಾಚೆ ಎಂಬಲ್ಲಿ ಒಂದು ದ್ರಾಕ್ಷಾರಸದ ಕಂಪನಿ ಗೋಡೆಯಲ್ಲಿ ಎರಡು ನಲ್ಲಿ ಇರಿಸಿದೆ: ಒಂದರಲ್ಲಿ ನೀರು, ಇನ್ನೊಂದರಲ್ಲಿ ಯಾತ್ರಿಕರಿಗೆ ಪುಕ್ಕಟೆ ದ್ರಾಕ್ಷಾರಸ. ಬುರ್ಗೊಸ್ ಮತ್ತು ಲೆಯೊನ್ ನಡುವೆ ಮೆಸೇತಾ ಎಂಬ ಗೋಧಿಯ ಬಯಲು. ನೆರಳಿಲ್ಲ, ತಿರುವಿಲ್ಲ. ಕಾರಿಯೊನ್ ದೆ ಲೊಸ್ ಕೊಂದೆಸ್ ಬಿಟ್ಟ ಮೇಲೆ ಸುಮಾರು 17 ಕಿಲೋಮೀಟರ್ ಒಂದು ಊರೂ ಸಿಗುವುದಿಲ್ಲ, ನೀರು ಹೊತ್ತೇ ಹೋಗಬೇಕು. ಬೇಸರವೆಂದು ಹಲವರು ಈ ಭಾಗವನ್ನು ಬಸ್ಸಿನಲ್ಲಿ ದಾಟಿಬಿಡುತ್ತಾರೆ. ಮೌನವಾಗಿ ಧ್ಯಾನಿಸುತ್ತ ನಡೆಯಲು ಬಂದವರಿಗೆ ಇಡೀ ಹಾದಿಯಲ್ಲಿ ಇದಕ್ಕಿಂತ ತಕ್ಕ ಜಾಗವಿಲ್ಲ. ಆಸ್ತೊರ್ಗಾ ದಾಟಿ ಸುಮಾರು 1,500 ಮೀಟರ್ ಎತ್ತರದಲ್ಲಿ ಕಬ್ಬಿಣದ ಶಿಲುಬೆ ಇದೆ. ಉದ್ದನೆಯ ಮರದ ಕಂಬದ ತುದಿಯಲ್ಲಿ ಸಣ್ಣ ಶಿಲುಬೆ, ಬುಡದಲ್ಲಿ ಕಲ್ಲಿನ ಗುಡ್ಡೆ. ಯಾತ್ರಿಕರು ಮನೆಯಿಂದ ತಂದ ಕಲ್ಲನ್ನು ತಮ್ಮ ಪಾಪ, ದುಃಖ, ಹರಕೆಯ ಗುರುತಾಗಿ ಅಲ್ಲಿ ಇಟ್ಟು ಹೋಗುತ್ತಾರೆ. ಆ ಕಲ್ಲನ್ನು ಊರಿನಲ್ಲೇ ಆರಿಸಿಕೊಂಡು ಚೀಲಕ್ಕೆ ಹಾಕಿಕೊಳ್ಳುವುದೂ ಯೋಜನೆಯ ಭಾಗವೇ.

ಏಪ್ರಿಲ್ ನಡುಭಾಗದಿಂದ ಜೂನ್, ಮತ್ತೆ ಸೆಪ್ಟೆಂಬರ್‌ನಿಂದ ಅಕ್ಟೋಬರ್ ನಡುಭಾಗದವರೆಗೆ ನಡೆಯಲು ಹಿತವಾದ ಕಾಲ. ಜುಲೈ, ಆಗಸ್ಟ್‌ನಲ್ಲಿ ಮೆಸೇತಾ ಸುಡುತ್ತದೆ, ತಂಗುದಾಣಗಳು ತುಂಬಿರುತ್ತವೆ. ಜುಲೈ 6ರಿಂದ 14ರವರೆಗೆ ಪಾಂಪ್ಲೋನಾದಲ್ಲಿ ಗೂಳಿ ಓಟದ ಸಾನ್ ಫೆರ್ಮಿನ್ ಉತ್ಸವ, ಆಗ ಅಲ್ಲಿ ಹಾಸಿಗೆ ಸಿಗುವುದು ದುರ್ಲಭ. ಈಸ್ಟರ್ ಮುಂಚಿನ ಪವಿತ್ರ ವಾರದಲ್ಲೂ ಇದೇ ಪಾಡು. ಚಳಿಗಾಲದಲ್ಲಿ ಅನೇಕ ತಂಗುದಾಣಗಳು ಮುಚ್ಚಿರುತ್ತವೆ. ಗಲೀಸಿಯಾದಲ್ಲಿ ಯಾವ ಋತುವಿನಲ್ಲೂ ಮಳೆ ಬರಬಹುದು.

ಪಂಚಾಂಗದಲ್ಲಿ ನೋಡಬೇಕಾದ ಇನ್ನೊಂದು ವಿಷಯ ಪವಿತ್ರ ವರ್ಷ. ಸಂತ ಯಕೋಬರ ಹಬ್ಬವಾದ ಜುಲೈ 25 ಭಾನುವಾರ ಬಂದ ವರ್ಷವನ್ನು ಪವಿತ್ರ ವರ್ಷವೆಂದು ಆಚರಿಸುತ್ತಾರೆ. ಹಿಂದಿನ ವರ್ಷದ ಕೊನೆಯ ಸಂಜೆ ಪ್ರಧಾನಾಲಯದ ಪವಿತ್ರ ದ್ವಾರವನ್ನು ತೆರೆಯುತ್ತಾರೆ. ಆ ವರ್ಷ ಪ್ರಧಾನಾಲಯವನ್ನು ಸಂದರ್ಶಿಸಿ, ಪಾಪನಿವೇದನೆ ಮಾಡಿ, ಪರಮಪ್ರಸಾದ ಸ್ವೀಕರಿಸಿ, ಪೋಪರ ಉದ್ದೇಶಗಳಿಗಾಗಿ ಪ್ರಾರ್ಥಿಸಿದವರಿಗೆ ಪಾಪದಂಡದಿಂದ ಪೂರ್ಣ ವಿಮೋಚನೆ ದೊರೆಯುತ್ತದೆ ಎಂಬುದು ಕಥೋಲಿಕ ಧರ್ಮಸಭೆಯ ಬೋಧನೆ. 2021ರ ಪವಿತ್ರ ವರ್ಷವನ್ನು ಕೋವಿಡ್ ಕಾರಣದಿಂದ 2022ರ ಕೊನೆಯವರೆಗೂ ವಿಸ್ತರಿಸಿದ್ದರು. ಮುಂದಿನದು 2027, ಅದರ ನಂತರ 2032. ಆ ವರ್ಷಗಳಲ್ಲಿ ಜನಸಂದಣಿ ಬಹಳ ಏರುವುದರಿಂದ, ಪವಿತ್ರ ದ್ವಾರದ ಹಂಬಲವಿಲ್ಲದವರು ಬೇರೆ ವರ್ಷ ಹೋಗುವುದೇ ಅನುಕೂಲ.

ಭಾರತೀಯರಿಗೆ ಷೆಂಗೆನ್ ವೀಸಾ ಬೇಕು. ಯಾವುದೇ 180 ದಿನಗಳಲ್ಲಿ 90 ದಿನ ಮೀರದಂತೆ ಉಳಿಯಲು ಅದು ಅವಕಾಶ ಕೊಡುತ್ತದೆ. ಹೆಚ್ಚು ದಿನ ಕಳೆಯುವ ದೇಶಕ್ಕೇ ಅರ್ಜಿ ಹಾಕಬೇಕೆಂಬುದು ನಿಯಮ. ನಡಿಗೆ ಫ್ರಾನ್ಸಿನಲ್ಲಿ ಶುರುವಾದರೂ ಫ್ರೆಂಚ್ ಹಾದಿಯವರ ಅರ್ಜಿ ಸ್ಪೇನಿಗೆ. ಪೋರ್ಟೊ ಹಾದಿಯವರು ಎರಡು ದೇಶಗಳಲ್ಲಿ ಕಳೆಯುವ ರಾತ್ರಿಗಳನ್ನು ಎಣಿಸಿ ನೋಡಬೇಕು. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಸ್ವೀಕರಿಸುತ್ತಾರೆ, ಕಡೇಪಕ್ಷ 15 ದಿನ ಮುಂಚೆ ಸಲ್ಲಿಸಿರಲೇಬೇಕು. ವಯಸ್ಕರಿಗೆ ಶುಲ್ಕ 2024ರ ಜೂನ್‌ನಿಂದ 90 ಯೂರೊ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ಆರೋಗ್ಯ ವಿಮೆ ಕಡ್ಡಾಯ. ಬೇಸಿಗೆ ರಜೆಯ ಮುಂಚೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟವಾದ್ದರಿಂದ ಮೇ ತಿಂಗಳಲ್ಲಿ ನಡೆಯುವವರು ಜನವರಿಯಲ್ಲೇ ಕಾಗದಪತ್ರ ಹೊಂದಿಸಿಕೊಳ್ಳುವುದು ಲೇಸು. ಇಲ್ಲೊಂದು ತೊಡಕಿದೆ. ವೀಸಾ ಅರ್ಜಿಗೆ ಪ್ರತಿ ರಾತ್ರಿಯ ವಸತಿಯ ಆಧಾರ ಬೇಕು. ಆದರೆ ಹಾದಿಯ ಸಾರ್ವಜನಿಕ ತಂಗುದಾಣಗಳು ಮುಂಗಡ ಬುಕಿಂಗ್ ತೆಗೆದುಕೊಳ್ಳುವುದಿಲ್ಲ. ಹೀಗಾಗಿ ಹೆಚ್ಚಿನವರು ಖಾಸಗಿ ವಸತಿಗಳನ್ನು ಕಾಯ್ದಿರಿಸಿ, ಹಂತ ಹಂತದ ಯಾತ್ರಾಪಟ್ಟಿಯನ್ನು ಅರ್ಜಿಯ ಜೊತೆಗೆ ಇಡುತ್ತಾರೆ. ಧರ್ಮಕೇಂದ್ರದ ಗುರುಗಳ ಪತ್ರವೊಂದು ಜೊತೆಗಿದ್ದರೆ ಪ್ರಯಾಣದ ಉದ್ದೇಶ ಸ್ಪಷ್ಟವಾಗುತ್ತದೆ. ತಂಡದ ಜೊತೆ ಹೋಗುವ ಗುರುಗಳು ತಮ್ಮ ಗುರುಪಟ್ಟದ ದೃಢೀಕರಣ ಪತ್ರವನ್ನು ಒಯ್ದರೆ ಅಲ್ಲಿ ಸಹಬಲಿಪೂಜೆ ಅರ್ಪಿಸಲು ಅನುಕೂಲ.

ತಂಗುದಾಣಕ್ಕೆ ‘ಆಲ್ಬೆರ್ಗೆ’ ಎಂದು ಹೆಸರು. ಒಂದೇ ಕೋಣೆಯಲ್ಲಿ ಹತ್ತರಿಂದ ನೂರು ಮಂದಿಯವರೆಗೆ, ಮೇಲೊಂದು ಕೆಳಗೊಂದು ಮಂಚ. ಗಲೀಸಿಯಾ ಸರ್ಕಾರದ ಆಲ್ಬೆರ್ಗೆಗಳಲ್ಲಿ ಒಂದು ಹಾಸಿಗೆಗೆ ಸುಮಾರು 10 ಯೂರೊ, ಖಾಸಗಿಯವರಲ್ಲಿ ಇನ್ನಷ್ಟು. ಕೆಲವು ಧರ್ಮಕೇಂದ್ರಗಳ ಆಲ್ಬೆರ್ಗೆಗಳಲ್ಲಿ ಬೆಲೆಯೇ ಇಲ್ಲ, ಶಕ್ತ್ಯನುಸಾರ ಕಾಣಿಕೆ ಹಾಕಿದರಾಯಿತು. ಅಲ್ಲಿ ಯಾತ್ರಿಕರೆಲ್ಲ ಸೇರಿ ಅಡುಗೆ ಮಾಡಿ, ಒಟ್ಟಿಗೆ ಉಂಡು, ಪ್ರಾರ್ಥಿಸಿ ಮಲಗುತ್ತಾರೆ. ಸಾಧ್ಯವಿದ್ದರೆ ಅಂಥ ಒಂದೆರಡು ರಾತ್ರಿಗಳು ಯೋಜನೆಯಲ್ಲಿ ಇರಲೇಬೇಕು. ಸಾಮಾನ್ಯವಾಗಿ ರಾತ್ರಿ 10ಕ್ಕೆ ದೀಪ ಆರಿಸುತ್ತಾರೆ, ಬೆಳಗ್ಗೆ 8ರೊಳಗೆ ಜಾಗ ಖಾಲಿ ಮಾಡಬೇಕು, ಕಾಯಿಲೆ ಇಲ್ಲದಿದ್ದರೆ ಒಂದೇ ರಾತ್ರಿ. ತಿಗಣೆಯ ಕಾಟ ಇರುವುದುಂಟು. ಮಲಗುವ ಮುಂಚೆ ಹಾಸಿಗೆಯ ಅಂಚು ನೋಡಿಕೊಳ್ಳಬೇಕು. ಸಂಜೆಯ ‘ಯಾತ್ರಿಕರ ಊಟ’ದಲ್ಲಿ ಎರಡು ಬಗೆ ಖಾದ್ಯ, ಬ್ರೆಡ್, ಸಿಹಿ, ದ್ರಾಕ್ಷಾರಸ ಇರುತ್ತದೆ. ಮಾಂಸ ತಿನ್ನದವರಿಗೆ ಆಲೂಗಡ್ಡೆ-ಮೊಟ್ಟೆಯ ತೊರ್ತಿಯಾ, ಸಲಾಡ್, ಚೀಸ್ ಎಲ್ಲ ಕಡೆ ಸಿಗುತ್ತದೆ; ಬೇಳೆಯ ಸಾರಿನಲ್ಲಿ ಮಾತ್ರ ಹಂದಿಮಾಂಸದ ತುಂಡುಗಳಿರುವುದು ಸಾಮಾನ್ಯ, ಕೇಳಿ ತಿನ್ನಬೇಕು. ಮಧ್ಯಾಹ್ನ ಎರಡರಿಂದ ಐದರವರೆಗೆ ಮತ್ತು ಭಾನುವಾರ ಹಳ್ಳಿಯ ಅಂಗಡಿಗಳು ಮುಚ್ಚಿರುತ್ತವೆ. ಊಟ, ವಸತಿ, ಔಷಧಿ ಸೇರಿ ದಿನಕ್ಕೆ 40ರಿಂದ 60 ಯೂರೊ ಹಿಡಿದರೆ ಸರಳವಾಗಿ ನಡೆಯಬಹುದು.

ದೇಹದ ಸಿದ್ಧತೆಗೆ ಕನಿಷ್ಠ ಮೂರು ತಿಂಗಳು ಬೇಕು. ಮೈದಾನದಲ್ಲಿ ನಡೆದರೆ ಸಾಲದು, ಬೆನ್ನಿಗೆ ಅದೇ ಚೀಲ ಹಾಕಿಕೊಂಡು, ಅದೇ ಬೂಟು ತೊಟ್ಟು, ಸತತ ಎರಡು ದಿನ ಇಪ್ಪತ್ತು ಕಿಲೋಮೀಟರ್ ನಡೆದು ನೋಡಬೇಕು. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಒಳ್ಳೆಯ ಅಭ್ಯಾಸ. ಹತ್ತುವುದರ ಜೊತೆ ಇಳಿಯುವುದನ್ನೂ ರೂಢಿಸಿಕೊಳ್ಳಬೇಕು, ಮಂಡಿ ಸೋಲುವುದು ಇಳಿಜಾರಿನಲ್ಲೇ. ಬೂಟು ಅರ್ಧ ಸೈಜು ದೊಡ್ಡದಿರಲಿ, ದಿನವಿಡೀ ನಡೆದ ಪಾದ ಊದಿಕೊಳ್ಳುತ್ತದೆ. ಹೊಸ ಬೂಟಿನಲ್ಲಿ ಹೊರಟವರಿಗೆ ಬೊಬ್ಬೆ ತಪ್ಪಿದ್ದಲ್ಲ. ಚೀಲದ ತೂಕ ದೇಹದ ತೂಕದ ಹತ್ತನೇ ಒಂದು ಭಾಗ ಮೀರಬಾರದೆಂಬುದು ನಡೆಯುವವರ ಹಳೆಯ ಲೆಕ್ಕ. ಎರಡು ಜೊತೆ ಬಟ್ಟೆ, ಮಳೆಯಂಗಿ, ತೆಳುವಾದ ಮಲಗುಚೀಲ, ಔಷಧಿ, ಜಪಮಾಲೆ, ಅಷ್ಟೇ. ಬೆನ್ನುನೋವು ಇರುವವರು, ಹಿರಿಯರು ಚೀಲವನ್ನು ಹಂತದಿಂದ ಹಂತಕ್ಕೆ ಸಾಗಿಸಲು ಸ್ಪೇನಿನ ಅಂಚೆ ಇಲಾಖೆಯ ಸೇವೆ ಬಳಸಬಹುದು. ಅದರಿಂದ ಯಾತ್ರೆಗೆ ಕುಂದಿಲ್ಲ. ತುರ್ತು ನೆರವಿಗೆ ಯೂರೋಪಿನಲ್ಲಿ ಎಲ್ಲಿಂದಲೂ 112ಕ್ಕೆ ಕರೆ ಮಾಡಬಹುದು.

ಹಾದಿಯ ಗುರುತಿನ ಚೀಟಿ ‘ಕ್ರೆಡೆನ್ಸಿಯಾಲ್’ ಎಂಬ ಮಡಚುವ ಪುಸ್ತಿಕೆ. ಆರಂಭದ ಊರಿನ ಯಾತ್ರಿಕರ ಕಚೇರಿಯಲ್ಲಿ, ಹಲವು ದೇವಾಲಯ, ಆಲ್ಬೆರ್ಗೆಗಳಲ್ಲಿ ಕೆಲವೇ ಯೂರೊಗೆ ಸಿಗುತ್ತದೆ. ತಂಗಿದ ಕಡೆ, ದೇವಾಲಯದಲ್ಲಿ, ಹೋಟೆಲಿನಲ್ಲಿ ಅದಕ್ಕೆ ಮೊಹರು ಹಾಕಿಸಿಕೊಳ್ಳಬೇಕು. ಸಾರಿಯಾದಂಥ ಹತ್ತಿರದ ಊರುಗಳಿಂದ ಹೊರಟವರು ದಿನಕ್ಕೆ ಎರಡು ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಬಾರದು. ಸಾಂತಿಯಾಗೊ ತಲುಪಿದ ಮೇಲೆ ಅದನ್ನು ತೋರಿಸಿದರೆ ಲ್ಯಾಟಿನ್ ಭಾಷೆಯ ‘ಕೊಂಪೊಸ್ತೆಲಾ’ ಪ್ರಮಾಣಪತ್ರವನ್ನು ಉಚಿತವಾಗಿ ಕೊಡುತ್ತಾರೆ. ಧಾರ್ಮಿಕ ಅಥವಾ ಆಧ್ಯಾತ್ಮಿಕ ಉದ್ದೇಶದಿಂದ ನಡೆದವರಿಗೆ ಅದು ಮೀಸಲು. ಕಚೇರಿಯಲ್ಲಿ ಜನ ಹೆಚ್ಚಿರುವ ತಿಂಗಳುಗಳಲ್ಲಿ ಮೊದಲೇ ಆನ್‌ಲೈನಿನಲ್ಲಿ ಹೆಸರು ನೋಂದಾಯಿಸಿಕೊಂಡರೆ ಸರದಿ ಬೇಗ ಬರುತ್ತದೆ.

ತಲುಪುವ ದಿನದ ಬಗ್ಗೆಯೂ ಮುಂಚೆಯೇ ಯೋಚಿಸಬೇಕು. ಪ್ರಧಾನಾಲಯದಲ್ಲಿ ಯಾತ್ರಿಕರ ಮುಖ್ಯ ಬಲಿಪೂಜೆ ಮಧ್ಯಾಹ್ನ 12ಕ್ಕೆ. ಬೆನ್ನುಚೀಲ ಒಳಗೆ ಬಿಡುವುದಿಲ್ಲವಾದ್ದರಿಂದ ಅದನ್ನು ಮೊದಲು ವಸತಿಯಲ್ಲಿ ಇಳಿಸಿ ಬರಲು ಸಮಯ ಬೇಕು. ಹಿಂದಿನ ರಾತ್ರಿ ಐದಾರು ಕಿಲೋಮೀಟರ್ ದೂರದಲ್ಲಿ ತಂಗಿ, ಬೆಳಗ್ಗೆ ನಗರ ಪ್ರವೇಶಿಸುವವರು ಧಾವಂತವಿಲ್ಲದೆ ಪೂಜೆಯಲ್ಲಿ ಭಾಗವಹಿಸುತ್ತಾರೆ. ಪಾಪನಿವೇದನೆ ಕೇಳಲು ಹಲವು ಭಾಷೆಗಳನ್ನು ಬಲ್ಲ ಗುರುಗಳಿರುತ್ತಾರೆ. ಬಲಿಪೀಠದ ಹಿಂಬದಿಯ ಮೆಟ್ಟಿಲು ಹತ್ತಿ ಸಂತರ ಮೂರ್ತಿಯನ್ನು ಅಪ್ಪಿಕೊಳ್ಳುವುದು, ಕೆಳಗಿಳಿದು ಬೆಳ್ಳಿಯ ಪೆಟ್ಟಿಗೆಯ ಮುಂದೆ ಪ್ರಾರ್ಥಿಸುವುದು ಶತಮಾನಗಳ ಸಂಪ್ರದಾಯ. ಶಿಲ್ಪಿ ಮತೇಯೊ ಕೆತ್ತಿದ ಮಹಿಮೆಯ ದ್ವಾರಮಂಟಪದ ತೊಲೆಗಳ ಮೇಲೆ 1188ರ ದಿನಾಂಕವಿದೆ. ಅದನ್ನು ನೋಡಲು ಪ್ರತ್ಯೇಕ ಟಿಕೆಟ್ ಕಾಯ್ದಿರಿಸಬೇಕು.

ಐವತ್ತು ಕಿಲೋಗೂ ಹೆಚ್ಚು ತೂಗುವ ‘ಬೊತಾಫುಮೈರೊ’ ಧೂಪದಾನಿಯನ್ನು ಎಂಟು ಮಂದಿ ಹಗ್ಗ ಎಳೆದು ಛಾವಣಿಯವರೆಗೆ ತೂಗುವ ದೃಶ್ಯವನ್ನು ನೋಡಲೆಂದೇ ಅನೇಕರು ಬರುತ್ತಾರೆ. ಅದು ಪ್ರತಿದಿನ ನಡೆಯುವುದಿಲ್ಲ. ಈಸ್ಟರ್, ಜುಲೈ 25, ಸ್ವರ್ಗಸ್ವೀಕಾರ ಹಬ್ಬ, ಸಕಲ ಸಂತರ ದಿನ, ಕ್ರಿಸ್ಮಸ್‌ನಂಥ ಮಹೋತ್ಸವಗಳಲ್ಲಿ ಖಚಿತ. ಉಳಿದಂತೆ ಯಾವುದಾದರೂ ತಂಡ ಕಾಣಿಕೆ ಕೊಟ್ಟು ಕೋರಿಕೊಂಡಾಗ ಮಾತ್ರ.

ಹಿಂದಿರುಗುವ ಟಿಕೆಟ್‌ಗೆ ಮುಂಚೆ ಎರಡು ಮೂರು ದಿನ ಉಳಿದರೆ ಸುಮಾರು 90 ಕಿಲೋಮೀಟರ್ ಮುಂದಿರುವ ಫಿನಿಸ್ತೆರೆ ಭೂಶಿರವನ್ನು ನೋಡಬಹುದು. ನಡೆಯುವವರಿಗೆ ಅದು ನಾಲ್ಕು ದಿನದ ದಾರಿ, ಬಸ್ಸಿನಲ್ಲಿ ಬೆಳಗ್ಗೆ ಹೋಗಿ ಸಂಜೆಗೆ ಮರಳಬಹುದು. ಸಾಂತಿಯಾಗೊದಿಂದ ಮ್ಯಾಡ್ರಿಡ್‌ಗೆ ವೇಗದ ರೈಲು ಮೂರರಿಂದ ಮೂರೂವರೆ ಗಂಟೆಯಲ್ಲಿ ತಲುಪಿಸುತ್ತದೆ. ಅಲ್ಲಿಂದ ಕೊಲ್ಲಿಯ ಯಾವುದಾದರೂ ನಗರದಲ್ಲಿ ವಿಮಾನ ಬದಲಿಸಿ ಬೆಂಗಳೂರಿಗೆ ಬರಬಹುದು. ರೈಲಿಗೂ ವಿಮಾನಕ್ಕೂ ನಡುವೆ ಒಂದು ರಾತ್ರಿಯ ಅಂತರವಿದ್ದರೆ, ರೈಲು ತಡವಾದರೂ ವಿಮಾನ ತಪ್ಪುವುದಿಲ್ಲ.